ಹೆಸರು: ಇನ್ನೂ ಇಟ್ಟಿಲ್ಲ

ಮೇಲಿನ ಬೀದಿಯ ಮನೆ
ಮಂಗಳವಾರ, 5 ನವೆಂಬರ್ 2024

ಪ್ರೀತಿಯ ಅಕ್ಕಾ,

ನಾಡಿದ್ದಿನ ಗುರುವಾರವಲ್ಲ, ಅದರಾಚೆಯ ಗುರುವಾರ, ಹದಿನಾಲ್ಕನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿನ ಹಿಂದಿನ ಹಳೇ ಸಮಾಧಿ ಜಾಗದ ನಾಲ್ಕನೇ ಸಾಲನ್ನು ಅಗೆಯುತ್ತಾರೆ. ಹೀಗೆಂದು ತಿಳಿಸಿದವನು ಅಲ್ಲಿನ ಗುಮಾಸ್ತ. ಗೇಟಿಗೆ ಅಂಟಿಸಿದ ನೋಟೀಸನ್ನು ನಾನೇ ಎರಡು ಸಲ ಓದಿ ಬಂದಿದ್ದೇನೆ. ಅದು ಮಕ್ಕಳ ಸಾಲು. ಆ ಸಾಲಿನ ಹನ್ನೆರಡನೇ ಸಮಾಧಿಯಲ್ಲಿರುವುದು, ಚರ್ಚಿನ ಪುಸ್ತಕದ ಪ್ರಕಾರ, ನಾನು.

ಕ್ಷೇಮ ವಿಚಾರಿಸುವ ಮೊದಲೇ ಸುದ್ದಿಗೆ ಹಾರಿದೆನೆಂದು ಬೈಯಬೇಡ. ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುವಾಗ ಪೇಪರು ಓದಿ ಹೇಳುತ್ತಿದ್ದವನು ನಾನಲ್ಲವೇ. ಮೊದಲು ಏನಾಯ್ತು ಹೇಳು, ಆಮೇಲೆ ಯಾರು ಹೇಳಿದ್ರು ಹೇಳು, ಮಿಕ್ಕಿದ್ದು ಪುರುಸೊತ್ತಾಗಿ ಓದು ಎನ್ನುತ್ತಿದ್ದ. ಆ ಅಭ್ಯಾಸ ಈ ವಯಸ್ಸಿಗೂ ಹೋಗಿಲ್ಲ. ಈ ವಯಸ್ಸು ಅಂದರೆ ಎಷ್ಟು ಅನ್ನುವುದೇ ಈಗ ತಕರಾರಿನ ವಿಷಯ, ಅದನ್ನು ಮುಂದೆ ಹೇಳುತ್ತೇನೆ. ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಮಾತ್ರ ನೋವೋ, ಇಳಿಯುವಾಗಲೂ ಇದೆಯೋ? ಭಾವನ ಕೆಮ್ಮು ಬಿಟ್ಟಿತೇ? ಫೋನು ಮಾಡಬಹುದಿತ್ತು. ಆದರೆ ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ನಾನು ಭಾವನಿಗೆ ಹೇಳಿ, ಭಾವ ನಿನ್ನ ಕಿವಿಗೆ ಕೂಗಿ, ನಿಮ್ಮ ಇಡೀ ಮಹಡಿಗೆ ಗೊತ್ತಾಗುವ ವಿಷಯ ಇದಲ್ಲ. ಅದಕ್ಕೇ ಈ ಕಾಗದ. ಕೊರಿಯರಿನವನು ಶುಕ್ರವಾರದೊಳಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಕೂತುಕೊಂಡು ಓದು.

ಚರ್ಚಿನ ಹಳೇ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ, ನಾನು ಮಂಗಳವಾರ, ಗುರುವಾರ ಹೋಗಿ ಕೈಜೋಡಿಸುತ್ತಿದ್ದೇನೆ ಅಂತ ಹೋದ ಸಲ ಬರೆದಿದ್ದೆ. ಹಳೇ ಕೈಬರಹ ಓದಬಲ್ಲವರು ಬೇಕು ಅಂತ ಕರೆದಿದ್ದರು. ಮನೆಯಲ್ಲಿ ಅಡುಗೆಮನೆಗೂ ಹಜಾರಕ್ಕೂ ಅಡ್ಡಾಡಿ ಇವಳ ಕಾಲಿಗೆ ತೊಡರುವ ಬದಲು ಅಲ್ಲಿ ಕೂರುವುದು ಇಬ್ಬರಿಗೂ ಕ್ಷೇಮ ಅಂತ ಒಪ್ಪಿಕೊಂಡೆ. ಜೊತೆಗೆ ನನ್ನದೊಂದು ಸ್ವಂತ ಕೆಲಸವೂ ಸಾಗುತ್ತಿತ್ತು. ನಮ್ಮ ಮನೆತನವನ್ನು ಪುಸ್ತಕದಿಂದ ಪುಸ್ತಕಕ್ಕೆ ಹಿಂದಕ್ಕೆ ಹುಡುಕುತ್ತಾ ಐದು ತಲೆಮಾರು ಮುಟ್ಟಿದ್ದೆ. ಅಪ್ಪನ ಮುತ್ತಜ್ಜ ದೋಣಿ ನಡೆಸುತ್ತಿದ್ದವನು. ಅವನ ಹೆಂಡತಿಗೆ ಒಂದು ಜನಗಣತಿಯಲ್ಲಿ ಮೂವತ್ನಾಲ್ಕು, ಹತ್ತು ವರ್ಷದ ನಂತರದ ಜನಗಣತಿಯಲ್ಲಿ ನಲವತ್ತು. ಹತ್ತು ವರ್ಷದಲ್ಲಿ ಆರೇ ವರ್ಷ ದೊಡ್ಡವಳಾಗಿದ್ದಾಳೆ. ಅದನ್ನು ಓದಿ ನಾನು ಎಷ್ಟು ನಕ್ಕಿದ್ದೆ ಅಂತೀಯ. ನಗಬಾರದಿತ್ತು.

ಅಲ್ಲಿ ಕೆಲಸ ಮಾಡುವ ಕ್ರಮ ಹೀಗೆ: ಒಬ್ಬರು ಪುಸ್ತಕ ನೋಡಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪುಸ್ತಕ ನೋಡದೆ ಟೈಪ್ ಮಾಡುತ್ತಾರೆ, ಪುಟ ಮುಗಿದ ಮೇಲೆ ಅದಲು ಬದಲಾಗಿ ತಾಳೆ ನೋಡುತ್ತಾರೆ. ನನ್ನ ಜೊತೆಗಿರುವವರು ನಿವೃತ್ತ ಶಾಲಾ ಟೀಚರು. ತರಗತಿಯಲ್ಲಿ ಉಕ್ತಲೇಖನ ಹೇಳಿಸಿದ ಹಾಗೇ ಓದುತ್ತಾರೆ, ಒಂದೇ ದನಿ, ಒಂದೇ ವೇಗ. ಮೊದಲ ದಿನವೇ ನನಗೆ ಕಟ್ಟಪ್ಪಣೆ ಮಾಡಿದ್ದರು: "ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ, ಟೈಪ್ ಮಾಡಿ. ಅರ್ಥ ಮಾಡ್ಕೊಂಡ್ರೆ ತಪ್ಪಾಗುತ್ತೆ." ನಿಜವೇ. ನಾನೂ ಹಾಗೇ ರೂಢಿ ಮಾಡಿಕೊಂಡಿದ್ದೆ. ಹಾಗಾಗಿ ಅಕ್ಟೋಬರ್ 24, ಗುರುವಾರ, ಹನ್ನೊಂದೂ ಹತ್ತರ ಸುಮಾರಿಗೆ, ಸಮಾಧಿ ಪುಸ್ತಕದ 1959ರ ಪುಟಗಳನ್ನು ಅವರು ಓದುತ್ತಿರುವಾಗ, ನಾನು ನನ್ನ ಹೆಸರನ್ನು ನಾನೇ ಟೈಪ್ ಮಾಡಿದೆ. ಅಪ್ಪನ ಹೆಸರು ಮಾಡಿದೆ. ಅಪ್ಪನ ಕಸುಬು, ಗಡಿಯಾರ ರಿಪೇರಿ, ಮಾಡಿದೆ. ಮೇಲಿನ ಬೀದಿ ಅಂತ ಮಾಡಿದೆ. ವಯಸ್ಸು ಒಂದು ವರ್ಷ ಹತ್ತು ತಿಂಗಳು. ತೀರಿಕೊಂಡ ದಿನ ನವೆಂಬರ್ 21. ಕಾರಣ ಜ್ವರ. ಸಾಲು ನಾಲ್ಕು, ಸಂಖ್ಯೆ ಹನ್ನೆರಡು. ಕೊನೆಯ ಕಾಲಂ ಆದಮೇಲೆ ಬೆರಳುಗಳು ನಿಂತವು. ಟೀಚರು ಕನ್ನಡಕದ ಮೇಲಿಂದ ನೋಡಿ, ಮುಂದೆ ಓದಲಾ ಅಂದರು. ಅವರಿಗೆ ನಾನು ಬರೀ 'ಸಾರ್'. ನನ್ನ ಹೆಸರು ಅವರ ಬಾಯಲ್ಲೇ ಈಗ ಬಂದು ಹೋಯಿತು ಅಂತ ಅವರಿಗೆ ಗೊತ್ತೇ ಇಲ್ಲ. ಓದಿ ಅಂದೆ. ಇನ್ನೂ ಆರು ಮಕ್ಕಳನ್ನು ಟೈಪ್ ಮಾಡಿದ್ದೇನೆ. ಆಮೇಲೆ ತಾಳೆ ನೋಡುವಾಗ ಆ ಆರರಲ್ಲಿ ನಾಲ್ಕು ತಪ್ಪು ಸಿಕ್ಕವು. ನನ್ನದರಲ್ಲಿ ಒಂದೂ ಇರಲಿಲ್ಲ.

ಅವತ್ತು ಛತ್ರಿ ಅಲ್ಲೇ ಬಿಟ್ಟು ಬಂದೆ. ನಮ್ಮ ಮನೆ ದಾಟಿ ಬೀದಿಯ ಕೊನೆಯ ನಲ್ಲಿಯ ತನಕ ಹೋಗಿ, ಅಲ್ಲಿ ನಿಂತು, ಮತ್ತೆ ಹಿಂದಕ್ಕೆ ಬಂದೆ. ಇವಳು ಮುಖ ನೋಡಿದವಳೇ ಬಿಪಿ ಮಾತ್ರೆ ತಂದಳು. ಹೇಳಿದೆ. "ಹಂಗಾದ್ರೆ ನಾನು ಮದುವೆ ಆಗಿದ್ದು ಯಾರನ್ನ?" ಅಂದಳು. ತಮಾಷೆಗೆ ಕೇಳಿದ್ದಲ್ಲ. ನಾನೂ ತಮಾಷೆಯ ಉತ್ತರ ಕೊಡಲಿಲ್ಲ. ಅದೇ ಹೆಸರಿನ ಬೇರೆ ಯಾರೋ ಇರಬಹುದು, ಬರೆದವನು ತಪ್ಪು ಬರೆದಿರಬಹುದು, ಪರಿಶೀಲಿಸಿ ನೋಡೋಣ ಅಂದೆ. ಮೂವತ್ತು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸಿದವನು ನಾನು. ಒಂದೇ ತಕ್ಕಡಿಯ ಮಾತು ನಂಬುವ ಅಭ್ಯಾಸ ನನಗಿಲ್ಲ.

ಆಮೇಲಿನ ಹನ್ನೆರಡು ದಿನ ಪರಿಶೀಲಿಸಿದ್ದೇನೆ ಅಕ್ಕಾ. ಜ್ಞಾನಸ್ನಾನದ ಪುಸ್ತಕದಲ್ಲಿ ಆ ಹೆಸರಿಗೆ, ಆ ತಂದೆಗೆ ಒಂದೇ ಒಂದು ದಾಖಲೆ: 1958ರ ಜನವರಿ 9ರಂದು ಹುಟ್ಟಿದ ಗಂಡು ಮಗು. ನನ್ನ ಕಾಗದಪತ್ರಗಳಲ್ಲೆಲ್ಲ ಇರುವ ಹುಟ್ಟಿದ ದಿನ ಅದೇ. ನನ್ನ ಮದುವೆಗೆ ಪಾದ್ರಿಗಳು ಬರೆದುಕೊಟ್ಟ ಜ್ಞಾನಸ್ನಾನದ ಪತ್ರ ಅದೇ ಪುಟದಿಂದ ಇಳಿಸಿಕೊಂಡದ್ದು. ಸಮಾಧಿ ಪುಸ್ತಕ ಅದೇ ಕಪಾಟಿನ ಕೆಳಗಿನ ಹಲಗೆಯ ಮೇಲಿತ್ತು. ಎರಡರ ನಡುವೆ ಒಂದು ಗೇಣು ದೂರ. ಯಾರೂ ಎರಡನ್ನೂ ಒಟ್ಟಿಗೆ ತೆಗೆದು ನೋಡಿಲ್ಲ, ಯಾಕೆ ನೋಡಬೇಕು? ಪುರಸಭೆಯ ಜನನ ನೋಂದಣಿಯಲ್ಲೂ ಅದೊಂದೇ ಮಗು. ಮರಣ ನೋಂದಣಿಯಲ್ಲಿ ಆ ಮಗುವೇ ಇಲ್ಲ. ಅಂದರೆ ಪುರಸಭೆಯ ಲೆಕ್ಕದಲ್ಲಿ ಅವನು ಬದುಕಿದ್ದಾನೆ, ನಿವೃತ್ತಿಯಾಗಿ ಪಿಂಚಣಿ ತೆಗೆದುಕೊಳ್ಳುತ್ತಿದ್ದಾನೆ. ಚರ್ಚಿನ ಪ್ರಕಾರ ಅರವತ್ತೈದು ವರ್ಷದಿಂದ ನಾಲ್ಕನೇ ಸಾಲಿನಲ್ಲಿ ಮಲಗಿದ್ದಾನೆ.

ಮೂರನೆಯದು ಜನಗಣತಿ, ಸರ್ಕಾರದ್ದಲ್ಲ, ಪುರಸಭೆ ತಾನೇ ಮಾಡಿಸುತ್ತಿದ್ದ ಊರಿನ ಗಣತಿ. 1960ರ ಮಾರ್ಚ್ 1ನೇ ತಾರೀಖು ಮನೆಯಲ್ಲಿದ್ದವರ ಪಟ್ಟಿ, ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಟ್ಟು ಮೂರು ದಿನ ಕಾದು ನೋಡಿದೆ. ಮೇಲಿನ ಬೀದಿ, ನಮ್ಮ ಮನೆ. ಯಜಮಾನ, ಗಡಿಯಾರ ರಿಪೇರಿ. ಹೆಂಡತಿ. ಯಜಮಾನನ ತಾಯಿ. ಯಜಮಾನನ ತಂಗಿ. ಮಗಳು, ವಯಸ್ಸು ಎಂಟು, ಓದಲು ಬರುತ್ತದೆ. ಅಷ್ಟೇ. ಮಗ ಅನ್ನುವವನು ಇಲ್ಲ. ಜನಗಣತಿಯವನು ಕೆಳಗೆ ಗೆರೆ ಎಳೆದು ಒಟ್ಟು ಐದು ಅಂತ ಬರೆದಿದ್ದಾನೆ.

ಓದಲು ಬರುವ ಎಂಟು ವರ್ಷದ ಹುಡುಗಿಗೆ ಮನೆಯಲ್ಲಿದ್ದ ಒಂದು ಮಗು ಈಗ ಇಲ್ಲ ಅಂತ ಗೊತ್ತಿರಲಿಲ್ಲವೇ ಅಕ್ಕಾ? ಈ ಸಾಲು ಬರೆಯುವಾಗ ಸಿಟ್ಟು ಬಂದಿತ್ತು. ಎದ್ದು ಹೋಗಿ ಅಮ್ಮನ ಹಾಸಿಗೆ ಸರಿ ಮಾಡಿ ಬಂದೆ, ಈಗ ಸ್ವಲ್ಪ ಇಳಿದಿದೆ. ಇಳಿದ ಮೇಲೆ ಒಂದೊಂದೇ ನೆನಪಾಗುತ್ತಿದೆ. ಶಾಲೆಯಲ್ಲಿ ನನ್ನನ್ನು ಎಲ್ಲರೂ ಗಿಡ್ಡ ಅನ್ನುತ್ತಿದ್ದರು, ಸಾಲು ನಿಲ್ಲಿಸಿದರೆ ಏಳು ವರ್ಷ ನಾನೇ ಮೊದಲನೆಯವನು. ತರಗತಿಯವರಿಗೆಲ್ಲ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದರೂ ನನಗೆ ಒಂದೂ ಅಲ್ಲಾಡುತ್ತಿರಲಿಲ್ಲ. ಒಂದು ಸಲ ನೀನು ಆ ಹುಡುಗರ ಗುಂಪಿಗೆ ನುಗ್ಗಿ, "ಅವನು ಗಿಡ್ಡ ಅಲ್ಲ ಕಣ್ರೋ, ನಿಮಗಿಂತ ಚಿಕ್ಕೋನು!" ಅಂತ ಕೂಗಿದ್ದೆ. ಆ ಸಂಜೆ ಅಪ್ಪ ನಿನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ. ಹೊಡೆದನೇ? ನೀನು ಹೇಳಲಿಲ್ಲ. ಆಮೇಲೆಂದೂ ಹಾಗೆ ಕೂಗಲೂ ಇಲ್ಲ. ಇನ್ನೊಂದು, ಚರ್ಚಿನ ಹಿಂದಿನ ಗೋಡೆ ದಾಟುವಾಗ ನೀನು ಪ್ರತಿಸಲ ಒಂದು ಸಣ್ಣ ಕಲ್ಲು ಹೆಕ್ಕಿ ಗೋಡೆಯ ಮೇಲಿಡುತ್ತಿದ್ದೆ. ಯಾಕೆ ಅಂದರೆ "ಸುಮ್ನೆ" ಅನ್ನುತ್ತಿದ್ದೆ. ನಾನೂ ಸುಮ್ಮನೆ ಒಂದು ಇಡುತ್ತಿದ್ದೆ. ಮೊನ್ನೆ ಹೋಗಿ ನೋಡಿದೆ. ಆ ಜಾಗದಿಂದ ಒಳಗೆ ಇಣುಕಿದರೆ ನಾಲ್ಕನೇ ಸಾಲಿನ ತುದಿ ನೇರ ಎದುರಿಗೇ.

ನಾನು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೋದ ಬುಧವಾರ. ಹೇಳಿಬಿಡುತ್ತೇನೆ, ಆ ಐದು ದಿನ ನಾನು ಪಟ್ಟ ಪಾಡು ನಿನಗೆ ಬೇಡ. ಎಲ್ಲಿಂದಲೋ ತಂದು ಸಾಕಿದ ಮಗುವೇ ನಾನು ಅಂತ ಕನ್ನಡಿಯ ಮುಂದೆ ನಿಂತು ಅಪ್ಪನ ಮೂಗು ಹುಡುಕಿದ್ದೇನೆ. ಹಳೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೆರಿಗೆ ರಿಜಿಸ್ಟರುಗಳನ್ನು ಇನ್ನೂ ಇಟ್ಟಿದ್ದಾರೆ, ಕಾಗದ ಹಪ್ಪಳದ ಹಾಗೆ ಆಗಿದೆ. 17 ಜುಲೈ 1960, ಬೆಳಿಗ್ಗೆ ನಾಲ್ಕೂ ಇಪ್ಪತ್ತು. ತಾಯಿಯ ಹೆಸರು ಅಮ್ಮನದು, ವಿಳಾಸ ಮೇಲಿನ ಬೀದಿ. ಗಂಡು ಮಗು, ತೂಕ ಎರಡು ಕಿಲೋ ಒಂಬೈನೂರು. ಅದರ ಪಕ್ಕದ ಕಾಲಮ್ಮಿನಲ್ಲಿ ನರ್ಸು ಬರೆದಿದ್ದಾಳೆ: ಹಿಂದಿನ ಮಕ್ಕಳು ಎರಡು, ಬದುಕಿರುವವು ಒಂದು. ಅದನ್ನು ಅಮ್ಮನೇ ಹೇಳಿರಬೇಕು, ಬೇರೆ ಯಾರು ಹೇಳುತ್ತಾರೆ. ಈ ಊರಿನ ಅಷ್ಟೂ ಕಚೇರಿಗಳಲ್ಲಿ ನಿಜ ಹೇಳಿದ್ದು ಅದೊಂದೇ ಕಡೆ, ಹೆರಿಗೆ ನೋವಿನ ನಡುವೆ. ಕೊನೆಯ ಕಾಲಂ ಹೆಸರು. ಅದರಲ್ಲಿ, ಇನ್ನೂ ಇಟ್ಟಿಲ್ಲ, ಅಂತಿದೆ. ನನ್ನದೇ ಅಂತ ಹೇಳಬಹುದಾದ ದಾಖಲೆ ಇಡೀ ಜಗತ್ತಿನಲ್ಲಿ ಇದೊಂದೇ ಅಕ್ಕಾ. ನಕಲು ತೆಗೆಸಿ ಮೊಹರು ಹಾಕಿಸಿಕೊಂಡಿದ್ದೇನೆ.

ಹಾಗಾಗಿ ನನಗೆ ಅರವತ್ತಾರಲ್ಲ, ಅರವತ್ನಾಲ್ಕು. ಎರಡೂವರೆ ವರ್ಷ ಮೊದಲೇ ನನ್ನನ್ನು ಹಾರ ಹಾಕಿ ಮನೆಗೆ ಕಳಿಸಿದ್ದಾರೆ. ಇವಳು ಬೆರಳು ಮಡಚಿ ಲೆಕ್ಕ ಹಾಕಿ, ನನಗಿಂತ ತಾನೇ ಎಂಟು ತಿಂಗಳು ದೊಡ್ಡವಳು ಅಂತ ಕಂಡುಹಿಡಿದಳು. "ಮೂವತ್ತಾರು ವರ್ಷ ರೀ ರೀ ಅಂದಿದ್ದೆಲ್ಲ ದಂಡ" ಅಂದಳು. ಹನ್ನೆರಡು ದಿನದಲ್ಲಿ ಈ ಮನೆಯಲ್ಲಿ ನಗು ಕೇಳಿಸಿದ್ದು ಅದೊಂದೇ ಸಲ.

ಗುರುವಾರ ಅತ್ತೆಯ ಮನೆಗೆ ಹೋದೆ. ಆಗ ಅಪ್ಪನ ತಂಗಿ ನಮ್ಮ ಜೊತೆಗೇ ಇದ್ದಳಲ್ಲ, ಜನಗಣತಿಯಲ್ಲೂ ಇದ್ದಾಳೆ. ಈಗ ಎಂಬತ್ತೆಂಟು, ಕಣ್ಣು ಮಂಜು, ಬಾಯಿ ಚುರುಕು. ಆಸ್ಪತ್ರೆಯ ಕಾಗದ ಮುಂದಿಟ್ಟೆ. ಓದಲಾಗದಿದ್ದರೂ ಮುಟ್ಟಿ ನೋಡಿ, ಅಂತೂ ಸಿಕ್ಕಿಹಾಕಿಕೊಂಡೆವು ಅಂದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಮಗು ಹೋದ ಮೇಲೆ ಅಪ್ಪ ಚರ್ಚಿಗೆ ಎತ್ತಿಕೊಂಡು ಹೋದನಂತೆ, ಮಣ್ಣು ಕೊಟ್ಟನಂತೆ, ಆದರೆ ಪುರಸಭೆಗೆ ಹೋಗಿ ಮರಣ ಬರೆಸುವ ದಿನ ಬಾಗಿಲ ತನಕ ಹೋಗಿ ಮೂರು ಸಲ ವಾಪಸು ಬಂದನಂತೆ. ಒಂದು ಕೌಂಟರಿನ ಮುಂದೆ ನಿಂತು ಅದನ್ನು ಬಾಯಿಬಿಟ್ಟು ಹೇಳುವುದು ಅವನಿಂದ ಆಗಲಿಲ್ಲ. ಹಾಗಾಗಿ ಮುಂದಿನ ವರ್ಷ ನಾನು ಹುಟ್ಟಿದಾಗಲೂ ಹೋಗಲಿಲ್ಲ. ಹೋದರೆ ಹಿಂದಿನ ಮಗು ಎಲ್ಲಿ ಅಂತ ಕೇಳುತ್ತಾರಲ್ಲ. ತೀರಿಕೊಂಡ ಮಗುವಿನ ಜನನ ಪತ್ರವನ್ನು ಅಂಗಡಿಯ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದನಂತೆ, ಯಜಮಾನರು ವಾಪಸು ಒಯ್ಯದೆ ಬಿಟ್ಟ ಕೈಗಡಿಯಾರಗಳ ಜೊತೆ. ನನ್ನನ್ನು ಶಾಲೆಗೆ ಸೇರಿಸುವ ದಿನ ಅದನ್ನು ತೆಗೆದು ಒರೆಸಿ, "ಹೆಸರಿದೆ, ಕಾಗದ ಇದೆ, ಹುಡುಗ ಇದ್ದಾನೆ. ಇನ್ನೇನು ಬೇಕು ಅವರಿಗೆ?" ಅಂದನಂತೆ. ಗಡಿಯಾರಕ್ಕೆ ಬೇರೆ ಗಡಿಯಾರದ ಚಕ್ರ ತೊಡಿಸಿ ಓಡಿಸುತ್ತಿದ್ದವನು ಅವನು. ಇದರಲ್ಲಿ ತಪ್ಪು ಏನು ಅಂತ ಅವನಿಗೆ ಕೊನೆವರೆಗೂ ತೋಚಿರಲಿಕ್ಕಿಲ್ಲ.

ನನ್ನ ಜ್ಞಾನಸ್ನಾನ ಯಾಕೆ ಪುಸ್ತಕದಲ್ಲಿಲ್ಲ ಅಂತ ಕೇಳಿದೆ. ಆಗಲೇ ಇಲ್ಲ ಅಂದಳು ಅತ್ತೆ. ಎಲ್ಲರೂ ಹೋಗಿದ್ದರಂತೆ, ನೀನು ಮೇಣದಬತ್ತಿ ಹಿಡಿದಿದ್ದೆಯಂತೆ. ಪಾದ್ರಿಗಳು ಹೆಸರೇನು ಅಂತ ಕೇಳಿದರು. ಅಪ್ಪ ಹಿಂದಿನ ಮಗುವಿನ ಹೆಸರನ್ನೇ ಹೇಳಿದ. ಅಮ್ಮನಿಗೆ ಅವನು ಮೊದಲೇ ತಿಳಿಸಿರಲಿಲ್ಲ. ಅಮ್ಮ ನನ್ನನ್ನು ಎತ್ತಿಕೊಂಡು ಬೆಂಚುಗಳ ನಡುವೆ ನಡೆದು ಹೊರಗೆ ಹೋಗಿಬಿಟ್ಟಳಂತೆ. "ನಾನು ಒಣ ಟವೆಲ್ ಹಿಡ್ಕೊಂಡು ಮಂಗನ ಹಾಗೆ ನಿಂತಿದ್ದೆ" ಅಂದಳು ಅತ್ತೆ. ಅಮ್ಮ ಬೇರೆ ಹೆಸರು ಗೊತ್ತು ಮಾಡಿಕೊಂಡಿದ್ದಳಂತೆ. ಯಾವುದು ಅಂತ ಅತ್ತೆಗೆ ಗೊತ್ತಿಲ್ಲ. ಅಪ್ಪ ಆಮೇಲೆ ತಾನು ಹೇಳಿದ ಹೆಸರಿನಿಂದಲೇ ನನ್ನನ್ನು ಕರೆದ, ಬೀದಿ ಕರೆಯಿತು, ಶಾಲೆ ಕರೆಯಿತು, ಸರ್ಕಾರ ಕರೆಯಿತು. ಅಮ್ಮ ಮಾತ್ರ ಇವತ್ತಿನವರೆಗೂ ಒಂದು ಸಲವೂ ಆ ಹೆಸರಿನಿಂದ ನನ್ನನ್ನು ಕರೆದಿಲ್ಲ. ಮರಿ ಅನ್ನುತ್ತಾಳೆ. ತಲೆ ಬೆಳ್ಳಗಾದ ಮೇಲೂ ಮರಿ ಅಂತಾಳಲ್ಲ ಅಂತ ನಾವೆಲ್ಲ ಎಷ್ಟು ಆಡಿಕೊಂಡಿದ್ದೇವೆ.

ಅಮ್ಮನ ಆರೋಗ್ಯ ಹೋದ ಸಲ ಬರೆದ ಹಾಗೇ ಇದೆ. ಊಟ ಸ್ವಲ್ಪ, ನಿದ್ದೆ ಜಾಸ್ತಿ, ಕಿಟಕಿಯ ಪಕ್ಕದ ಮಂಚ. ಆದರೆ ಆಗಸ್ಟಿನಿಂದ ಒಂದು ಹೊಸತು ಶುರುವಾಗಿದೆ ಅಂತ ನಿನಗೆ ಬರೆದಿರಲಿಲ್ಲ, ಮರೆವಿನ ಕಾಟ ಅಂದುಕೊಂಡು ಬಿಟ್ಟಿದ್ದೆ. ಮಧ್ಯಾಹ್ನ ಎದ್ದವಳೇ ನನ್ನ ಹೆಸರು ಹಿಡಿದು ಕೂಗುತ್ತಾಳೆ. ಮರಿ ಅಂತಲ್ಲ, ಕಾಗದದ ಹೆಸರು, ಪೂರ್ತಿಯಾಗಿ. ಮೊದಲ ಸಲ ಕೇಳಿದಾಗ ಸಂತೋಷವೇ ಆಗಿತ್ತು. ಹೋಗಿ ಏನಮ್ಮಾ ಅಂತ ನಿಂತರೆ ನನ್ನ ಮುಖ ನೋಡಿ, "ನಿನ್ನನ್ನಲ್ಲ ಮರಿ" ಅನ್ನುತ್ತಿದ್ದಳು. ಗುರುತು ಸಿಗಲಿಲ್ಲ ಪಾಪ ಅಂದುಕೊಳ್ಳುತ್ತಿದ್ದೆ. ಗುರುತು ಸರಿಯಾಗಿಯೇ ಸಿಗುತ್ತಿತ್ತು.

ಇನ್ನು ಸಮಾಧಿಯ ವಿಷಯ. ರಸ್ತೆ ಅಗಲ ಮಾಡಲು ಹಳೇ ಜಾಗದ ಮಕ್ಕಳ ಸಾಲನ್ನು ತೆಗೆದು ಅಲ್ಲಿ ಗೋಡೆ ಹಿಂದಕ್ಕೆ ಕಟ್ಟುತ್ತಾರೆ. ವಾರಸುದಾರರು ಬಂದು ಸಹಿ ಹಾಕಿದರೆ ಉಳಿದದ್ದನ್ನು ಪೆಟ್ಟಿಗೆಯಲ್ಲಿ ಕೊಡುತ್ತಾರೆ, ಕುಟುಂಬದ ಬೇರೆ ಸಮಾಧಿಯಲ್ಲಿ ಇಡಬಹುದು. ಯಾರೂ ಬರದಿದ್ದರೆ ಎಲ್ಲವನ್ನೂ ಒಟ್ಟಾಗಿ ಒಂದೇ ಗುಂಡಿಗೆ ಹಾಕುತ್ತಾರೆ, ಆಮೇಲೆ ಯಾರದು ಯಾವುದು ಅಂತ ಹೇಳಲಾಗುವುದಿಲ್ಲ. ನಾನು ನಿನ್ನೆ ಹೋದೆ. ಅಪ್ಪನ ಸಮಾಧಿಯಲ್ಲಿ ಇಡುತ್ತೇವೆ, ಕೊಡಿ ಅಂದೆ. ಗುಮಾಸ್ತ ಒಳ್ಳೆಯವನು, ಕುರ್ಚಿ ಕೊಟ್ಟ. ನನ್ನ ಗುರುತಿನ ಚೀಟಿ ನೋಡಿದ, ತನ್ನ ಪುಸ್ತಕ ನೋಡಿದ, ಮತ್ತೆ ಚೀಟಿ ನೋಡಿದ. "ಸಾರ್, ಹೆಸರು, ಹುಟ್ಟಿದ ತಾರೀಖು, ತಂದೆ ಹೆಸರು, ಎಲ್ಲ ಒಳಗಿರೋರದ್ದೇ. ನೀವು ನಿಮ್ಮನ್ನೇ ಬಿಡಿಸ್ಕೊಂಡು ಹೋಗೋಕೆ ಬಂದ ಹಾಗಾಯ್ತು. ನಾನು ಏನಂತ ಬರ್ಕೊಳ್ಳಲಿ?" ಅಂದ. ವಿವರಿಸಿದೆ. ಅವನು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದ. ಆದರೂ ನಿಯಮ ನಿಯಮವೇ: ಹೆತ್ತವರು ಇಲ್ಲವೇ ಒಡಹುಟ್ಟಿದವರು, ಅವರದೇ ದಾಖಲೆ ತೋರಿಸಿ, ಖುದ್ದಾಗಿ ಬಂದು ಸಹಿ ಹಾಕಬೇಕು. ಅಮ್ಮನಿಂದ ಸಹಿ ಮಾಡಿಸಲು ಡಾಕ್ಟರು ಒಪ್ಪುವುದಿಲ್ಲ. ನಾನು ದಾಖಲೆಯ ಪ್ರಕಾರ ಅವನ ತಮ್ಮ ಅಲ್ಲ, ಅವನೇ. ಚರ್ಚಿನ ಪುಸ್ತಕದಲ್ಲೂ ಪುರಸಭೆಯಲ್ಲೂ ಜನಗಣತಿಯಲ್ಲೂ ಒಂದೇ ಹೆಸರಿನಿಂದ, ಒಂದೇ ವಯಸ್ಸಿನಿಂದ ನೆಟ್ಟಗೆ ಇರುವವಳು ನಮ್ಮ ಮನೆಯಲ್ಲಿ ನೀನೊಬ್ಬಳೇ.

ನಿನ್ನೆ ಅಲ್ಲಿಂದ ಬಂದಾಗ ಮಧ್ಯಾಹ್ನ ಮೂರು. ಅಮ್ಮ ಎಚ್ಚರವಾಗಿದ್ದಳು, ಆ ಹೆಸರು ಕೂಗುತ್ತಿದ್ದಳು. ಹೋಗಿ ಮಂಚದ ತುದಿಯಲ್ಲಿ ಕೂತೆ. ನಿನ್ನನ್ನಲ್ಲ ಮರಿ, ಅಂದಳು. ಗೊತ್ತಮ್ಮ ಅಂದೆ. ಹಾಗೆ ನಾನು ಅಂದದ್ದು ಅದೇ ಮೊದಲು. ನನ್ನನ್ನು ನೆಟ್ಟ ನೋಟದಿಂದ ನೋಡಿದಳು. ಆಮೇಲೆ, "ಅವನು ಹೊರಗೇ ಇದ್ದಾನೆ. ಚಳಿ. ಒಳಗೆ ಕರ್ಕೊಂಡು ಬಾ" ಅಂದಳು. ಕರ್ಕೊಂಡು ಬರ್ತೀನಿ ಅಂದೆ. ಯಾವತ್ತು ಅಂತ ಕೇಳಿದಳು. ಅಷ್ಟು ಸ್ಪಷ್ಟವಾಗಿ ಅವಳು ಮಾತಾಡಿ ತಿಂಗಳುಗಳಾಗಿದ್ದವು. ಗುರುವಾರ ಅಂದುಬಿಟ್ಟೆ. ಸರಿ ಅಂತ ಕಣ್ಣು ಮುಚ್ಚಿದಳು. ಇವತ್ತು ಬೆಳಿಗ್ಗೆ ಹಲ್ಲುಜ್ಜಿಸುವಾಗ ಇವಳನ್ನು ಕೇಳಿದ್ದಾಳೆ, ಇವತ್ತು ಯಾವ ವಾರ ಅಂತ.

ಅದಕ್ಕೇ ನೀನು ಬರಬೇಕು ಅಕ್ಕಾ. ಮಂಡಿ ನೋವು ಗೊತ್ತು, ರೈಲಿನಲ್ಲಿ ಎರಡು ರಾತ್ರಿ ಒಂದು ಹಗಲು ಅಂತಲೂ ಗೊತ್ತು. ಕೆಳಗಿನ ಬರ್ತು ಸಿಗುವ ಹಾಗೆ ನಾನೇ ಟಿಕೆಟ್ ತೆಗೆದಿದ್ದೇನೆ, ಇದರ ಜೊತೆಗಿದೆ. ಭಾವ ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ಎರಡು ಟಿಕೆಟ್ ಇದೆ. ನಿನ್ನ ಜನನ ಪತ್ರ, ಗುರುತಿನ ಚೀಟಿ ಎರಡನ್ನೂ ಮರೆಯದೆ ತಾ. ಯಾಕೆ ಹೇಳಲಿಲ್ಲ ಅಂತ ನಿನ್ನನ್ನು ಕೂರಿಸಿ ಕೇಳುವ ಉದ್ದೇಶ ನನಗಿಲ್ಲ. ಮೊದಲ ವಾರ ಇತ್ತು, ಈಗಿಲ್ಲ. ಎಂಟು ವರ್ಷದವಳಿಗೆ ಬಾಯಿ ಮುಚ್ಚಿಕೊಂಡಿರು ಅಂದರೆ ಅವಳು ಏನು ಮಾಡುತ್ತಾಳೆ. ಆಮೇಲೆ ಎಪ್ಪತ್ತೆರಡಾದರೂ ಬಾಯಿ ಬಿಡಲು ಒಂದು ದಿನ ಸಿಗುವುದಿಲ್ಲ. ಕಲ್ಲು ಇಡುತ್ತಿದ್ದೆಯಲ್ಲ, ಅಷ್ಟು ಸಾಕು.

ಭಾವನಿಗೆ ನನ್ನ ನಮಸ್ಕಾರ ಹೇಳು, ಕೆಮ್ಮಿಗೆ ಬಿಸಿನೀರು ಕುಡಿಯಲಿ. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ಇವಳು ಮೇಲಿನ ಕೋಣೆ ಬೇಡ, ಮೆಟ್ಟಿಲಿಲ್ಲದ ಹಜಾರದಲ್ಲೇ ನಿನಗೆ ಹಾಸಿಗೆ ಹಾಕುತ್ತೇನೆ ಅಂತ ಈಗಲೇ ಹೊದಿಕೆ ಒಗೆದು ಹಾಕಿದ್ದಾಳೆ.

ನಿನ್ನ ತಮ್ಮ,
ಮರಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯ ಮನೆಯಿಂದ ಫೋನು ಬಂತು. ಅವಳಿಗೆ ಇನ್ನೊಂದು ನೆನಪಾಯಿತಂತೆ. ಅವತ್ತು ಚರ್ಚಿನಿಂದ ಹೊರಗೆ ಬಂದ ಅಮ್ಮ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳಂತೆ, ನೀನು ಮೇಣದಬತ್ತಿ ಹಿಡಿದುಕೊಂಡೇ ಅವಳ ಹಿಂದೆ ಓಡಿದೆಯಂತೆ. ತಾನು ನನಗೆ ಇಡಬೇಕೆಂದಿದ್ದ ಹೆಸರನ್ನು ಅಮ್ಮ ಅಲ್ಲಿ ನಿನ್ನ ಕಿವಿಯಲ್ಲಿ ಹೇಳಿದಳಂತೆ, ಬೇರೆ ಯಾರಿಗೂ ಹೇಳಿಲ್ಲವಂತೆ. ಅಮ್ಮನನ್ನು ಈಗ ಕೇಳಿದೆ, ನಕ್ಕಳು, ಹೇಳಲಿಲ್ಲ. ನಾನೂ ನಿನ್ನ ಪಕ್ಕದಲ್ಲಿ ತಮ್ಮನೆಂದು ಸಹಿ ಹಾಕಬೇಕಾದರೆ ಪುರಸಭೆಯಲ್ಲಿ ತಡವಾದ ಜನನ ನೋಂದಣಿಗೆ ಅರ್ಜಿ ಕೊಟ್ಟ ರಸೀದಿ ಬೇಕು, ರಸೀದಿ ಇದ್ದರೆ ಸಾಕು ಅಂತ ಗುಮಾಸ್ತ ಒಪ್ಪಿದ್ದಾನೆ. ಅರ್ಜಿ ತುಂಬಿಸಿಟ್ಟಿದ್ದೇನೆ. ಒಂದನೇ ಕಾಲಂ ಹೆಸರು, ಅದನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ರೈಲು ಬುಧವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಬರುತ್ತದೆ. ಪುರಸಭೆಯ ಕೌಂಟರು ಹತ್ತೂವರೆಗೆ ತೆರೆಯುತ್ತದೆ. ಅಗೆಯುವುದು ಗುರುವಾರ ಒಂಬತ್ತಕ್ಕೆ.